ನಿದ್ದೆ ಬಾರದವರ ರಾಜಕೀಯ

(ತಾಲ್ಲೂಕು ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಒಕ್ಕೂಟದ ಅಧ್ಯಕ್ಷೆಯವರು ಫೋನ್ ಮಾಡಿದಾಗ, "ಹೆಂಗಸರ ಮಾನಸಿಕ ಆರೋಗ್ಯದ ಬಗ್ಗೆ ಒಂದು ಗಂಟೆ ಮಾತಾಡಿ ಮೇಡಂ, ರಾಜಕೀಯ ಮಾತ್ರ ಬೇಡ" ಎಂದಿದ್ದರು. ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ. ನಾನು ಡಾಕ್ಟರಲ್ಲ. ಮೂವತ್ತಾರು ವರ್ಷ ಕಾಲೇಜಿನಲ್ಲಿ ಹೇಳಿಕೊಟ್ಟದ್ದು ರಾಜ್ಯಶಾಸ್ತ್ರ. ರಾಜಕೀಯ ಬಿಟ್ಟು ಹೆಂಗಸರ ಮನಸ್ಸಿನ ಬಗ್ಗೆ ಮಾತಾಡು ಎಂದರೆ ನನಗೆ ಒಲೆ ಬಿಟ್ಟು ಅಡುಗೆ ಮಾಡು ಎಂದ ಹಾಗಾಗುತ್ತದೆ. ಪಕ್ಷದ ಹೆಸರು ತೆಗೆದುಕೊಂಡು ಯಾರಿಗೂ ಓಟು ಕೇಳುವುದಿಲ್ಲ, ಅಷ್ಟು ಮಾತು ಕೊಡುತ್ತೇನೆ. ಆದರೆ ಯಾರು ಮಾತಾಡಬಹುದು, ಯಾರು ಬಾಯಿ ಮುಚ್ಚಬೇಕು, ಯಾರ ಮಾತನ್ನು ಪೊಲೀಸರು ಬರೆದುಕೊಳ್ಳುತ್ತಾರೆ, ಯಾರದ್ದನ್ನು ಬರೆದುಕೊಳ್ಳುವುದಿಲ್ಲ ಎನ್ನುವುದೆಲ್ಲ ರಾಜಕೀಯವೇ. ನಿಮ್ಮಲ್ಲಿ ಎಷ್ಟೋ ಜನರಿಗೆ ರಾತ್ರಿ ನಿದ್ದೆ ಬರದಿರುವುದಕ್ಕೂ ಅದಕ್ಕೂ ಸಂಬಂಧ ಇದೆ.

ನನಗೀಗ ಅರವತ್ತೇಳು. 1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಹದಿನೇಳು. ನಮ್ಮಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ದಿನವೂ ಜಗಲಿಯ ಮೇಲೆ ಕೂತು, ದಾರಿಯಲ್ಲಿ ಹೋಗುವವರಿಗೆ ಕೇಳುವ ಹಾಗೆ ಪೇಪರ್ ಓದಿ, ಸರ್ಕಾರವನ್ನು ಬೈದು, ಆಮೇಲೆ ಸ್ನಾನಕ್ಕೆ ಏಳುತ್ತಿದ್ದವರು. ಆ ಬೇಸಿಗೆ ಕಳೆದ ಮೇಲೆ ಪೇಪರನ್ನು ನಡುಮನೆಗೆ ತಂದು, ತುಟಿ ಅಲ್ಲಾಡಿಸದೆ ಓದತೊಡಗಿದರು. ಪಕ್ಕದ ಬೀದಿಯ ಒಬ್ಬರು ಮೇಷ್ಟ್ರನ್ನು ಪೊಲೀಸರು ಕರೆದುಕೊಂಡು ಹೋಗಿದ್ದರು. ಅಪ್ಪ ರಾತ್ರಿ ಎರಡು ಸಲ ಎದ್ದು ಬಾಗಿಲ ಅಗಣಿ ನೋಡುತ್ತಿದ್ದರು. ಸೀನಿದರೂ ಮೆತ್ತಗೆ ಸೀನುತ್ತಿದ್ದರು. ಒಂದು ದಿನ ಅಮ್ಮ ರೊಟ್ಟಿ ತಟ್ಟುತ್ತಾ, ತಲೆ ಎತ್ತದೆ ಹೇಳಿದಳು: "ಈಗ ನಿಮಗೂ ಗೊತ್ತಾಯ್ತಲ್ಲ, ಹೆದರಿಕೊಂಡು ಮಾತಾಡೋದು ಹೆಂಗಿರ್ತದೆ ಅಂತ."

ಅಪ್ಪ ಅಮ್ಮನ ಮೇಲೆ ಕೈ ಎತ್ತಿದವರಲ್ಲ. ಆದರೆ ಅವರ ದನಿ ಏರಿದರೆ ನಾವು ನಾಲ್ಕು ಮಕ್ಕಳೂ ಅಮ್ಮನೂ ಉಸಿರು ಬಿಗಿಹಿಡಿದು ಓಡಾಡುತ್ತಿದ್ದೆವು. ರಾಜ್ಯಶಾಸ್ತ್ರದ ಮೊದಲ ಪಾಠ ನನಗೆ ಸಿಕ್ಕಿದ್ದು ಕಾಲೇಜಿನಲ್ಲಲ್ಲ, ಆ ರೊಟ್ಟಿ ಹಂಚಿನ ಪಕ್ಕದಲ್ಲಿ.

ಆ ದಿನಗಳಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಒಬ್ಬ ಹೆಂಗಸನ್ನು ಕೂಡಿಹಾಕಿದ್ದರು. ಸ್ನೇಹಲತಾ ರೆಡ್ಡಿ. 1970ರ 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯ ಪಾತ್ರ ಮಾಡಿದವರು. ಅವರನ್ನು ಹಿಡಿದದ್ದು 1976ರ ಮೇ ತಿಂಗಳಲ್ಲಿ. ಬರೋಡಾ ಡೈನಮೈಟ್ ಪ್ರಕರಣ ಎಂದು ಒಂದು ಮೊಕದ್ದಮೆ ಇತ್ತು, ಅದರ ಸಂಬಂಧ ಎಂದರು. ಕೊನೆಗೆ ಆರೋಪಪಟ್ಟಿ ಬಂದಾಗ ಅದರಲ್ಲಿ ಅವರ ಹೆಸರೇ ಇರಲಿಲ್ಲ. ಹೆಸರಿಲ್ಲದಿದ್ದರೂ ಬಿಡಲಿಲ್ಲ. ವಿಚಾರಣೆಯಿಲ್ಲದೆ ಹಿಡಿದಿಡಬಹುದಾದ ಕಾನೂನು ಇತ್ತಲ್ಲ, ಮೀಸಾ, ಅದರಡಿ ಎಂಟು ತಿಂಗಳಿಗೂ ಹೆಚ್ಚು ಕಾಲ ಒಂಟಿ ಕೋಣೆಯಲ್ಲಿಟ್ಟರು. ಅವರಿಗೆ ಜೋರಾದ ಆಸ್ತಮಾ ಇತ್ತು. ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು, ರಾತ್ರಿಯ ನಿಶ್ಶಬ್ದದಲ್ಲಿ ಆಕೆ ಕೂಗಿಕೊಳ್ಳುವುದು ತಮಗೆ ಕೇಳಿಸುತ್ತಿತ್ತು ಎಂದು ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 20ನೇ ತಾರೀಖು ತೀರಿಕೊಂಡರು. ಬಿಡುಗಡೆಯ ಐದೇ ದಿನಕ್ಕೆ.

ಆ ಜೈಲು ಇದ್ದ ಜಾಗ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅಂಗನವಾಡಿ ಕಾರ್ಯಕರ್ತೆಯರು, ಬಿಸಿಯೂಟದವರು ಧರಣಿ ಕೂರುತ್ತಾರಲ್ಲ, ಫ್ರೀಡಂ ಪಾರ್ಕು, ಅದೇ.

ಸ್ನೇಹಲತಾ ಅವರ ಕಥೆ ಹೇಳಿದ್ದು ನಿಮ್ಮನ್ನು ಅಳಿಸುವುದಕ್ಕಲ್ಲ. ಅವರು ಜೈಲಿನಲ್ಲಿ ಡೈರಿ ಬರೆದರು. ಅಲ್ಲಿದ್ದ ಬೇರೆ ಹೆಂಗಸರನ್ನು, ಎಂದರೆ ಕಳ್ಳತನಕ್ಕೆ ಸಿಕ್ಕಿದವರು, ಬೀದಿಯಲ್ಲಿ ಹಿಡಿದು ತಂದವರು, ಕೇಳುವ ದಿಕ್ಕಿಲ್ಲದವರು, ಅಂಥವರನ್ನು ಹೊಡೆಯುವುದನ್ನು ಕಂಡು ಪ್ರತಿಭಟಿಸಿದರು. ಅವರ ಜೊತೆ ಕೂತರು, ಆಟ ನಾಟಕ ಹೇಳಿಕೊಟ್ಟರು. ತನ್ನ ಉಸಿರೇ ನಿಲ್ಲುವ ಹೊತ್ತಿನಲ್ಲಿ ಪಕ್ಕದವಳ ಪೆಟ್ಟು ಲೆಕ್ಕಕ್ಕೆ ಬಂತು. ಅದನ್ನು ನಾನು ಮನಸ್ಸಾಕ್ಷಿ ಎನ್ನುತ್ತೇನೆ. ನೋಡಿ, ನಮ್ಮ ಭಾಷೆಯಲ್ಲಿ ಆ ಪದದೊಳಗೇ 'ಸಾಕ್ಷಿ' ಇದೆ. ಕಂಡದ್ದನ್ನು ಕಂಡೆ ಎನ್ನುವವರು ಸಾಕ್ಷಿ. ಕೋರ್ಟಿನಲ್ಲಿ ಹೇಗೋ ಒಳಗೂ ಹಾಗೆ.

ದೇಶದ ತುರ್ತು ಪರಿಸ್ಥಿತಿ ಇಪ್ಪತ್ತೊಂದು ತಿಂಗಳಿತ್ತು. ಮನೆಯೊಳಗೆ ನಡೆಯುವುದನ್ನು ಅದಕ್ಕೆ ಹೋಲಿಸಿದರೆ ಪೂರ್ತಿ ಸರಿಹೊಂದುವುದಿಲ್ಲ. ಅದನ್ನು ರೇಡಿಯೋದಲ್ಲಿ ಘೋಷಿಸಿದ್ದರು, 1977ರ ಮಾರ್ಚಿನಲ್ಲಿ ಓಟು ಹಾಕಿ ಜನ ಅದನ್ನು ಇಳಿಸಿದರು. ಮನೆಯದ್ದನ್ನು ಯಾರೂ ಘೋಷಿಸುವುದಿಲ್ಲ, ಅದಕ್ಕೆ ಚುನಾವಣೆಯೂ ಇಲ್ಲ. ಮದುವೆಯ ಮಾರನೇ ದಿನ "ಮನೆ ಮಾತು ಹೊಸಿಲು ದಾಟಬಾರದಮ್ಮ" ಎಂದು ಒಳ್ಳೆಯ ಮಾತಿನಲ್ಲೇ ಹೇಳುತ್ತಾರೆ. ಹೇಳುವವರು ಬಹಳ ಸಲ ಹೆತ್ತಮ್ಮನೇ.

ಹೊಸಿಲು ದಾಟದ ಮಾತು ಎಲ್ಲಿಗೆ ಹೋಗುತ್ತದೆ? ಮೈಗೆ ಹೋಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ನೋಡಿ. ತಲೆನೋವು, ಎದೆ ಡವಡವ, ಕೈಕಾಲು ಜೋಮು, ಹೊಟ್ಟೆಯಲ್ಲಿ ಉರಿ, ಸುಸ್ತು. ಡಾಕ್ಟರಿಗೆ ಅರವತ್ತು ಜನ ಕಾಯುತ್ತಿರುತ್ತಾರೆ. ಒಂದು ಇಂಜೆಕ್ಷನ್, ಬಿ ಕಾಂಪ್ಲೆಕ್ಸ್ ಮಾತ್ರೆ, ದುಡ್ಡಿದ್ದವರು ಪ್ರೈವೇಟಿನಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬರುತ್ತಾರೆ. "ಮನೆಯಲ್ಲಿ ಹೊಡೀತಾರೇನಮ್ಮ?" ಎಂದು ಕೇಳುವ ಡಾಕ್ಟರು ಸಿಕ್ಕಿದರೆ ನಿಮ್ಮ ಪುಣ್ಯ. ಇನ್ನು ಕೆಲವರಿಗೆ ಮೈಮೇಲೆ ಬರುತ್ತದೆ. ನಾನು ಅದನ್ನು ಗೇಲಿ ಮಾಡುವವಳಲ್ಲ. ನಮ್ಮ ಓಣಿಯಲ್ಲಿ ಒಬ್ಬಾಕೆಗೆ ಶುಕ್ರವಾರ ಅಮ್ಮನವರು ಬರುತ್ತಿದ್ದರು. ವಾರವಿಡೀ ತಲೆ ಬಗ್ಗಿಸಿಕೊಂಡಿದ್ದವಳು ಆ ಅರ್ಧ ಗಂಟೆ ಗಂಡನನ್ನು ಏಕವಚನದಲ್ಲಿ ಕರೆದು ಕುಡಿತ ಬಿಡು ಎನ್ನುತ್ತಿದ್ದಳು. ಅವನೂ ಅಡ್ಡಬೀಳುತ್ತಿದ್ದ. ಶನಿವಾರ ಮತ್ತೆ ಯಥಾಪ್ರಕಾರ. ತನ್ನ ಬಾಯಲ್ಲಿ ಹೇಳಲಾಗದ್ದನ್ನು ದೇವರ ಬಾಯಲ್ಲಿ ಹೇಳಬೇಕಾಗಿ ಬಂದದ್ದು ಯಾಕೆ ಎಂದು ಮಾತ್ರ ಕೇಳುತ್ತೇನೆ.

ಈಗ ನನ್ನದೇ ಒಂದು ವಿಷಯ ಹೇಳಬೇಕು. ಇದನ್ನು ನಾನು ವೇದಿಕೆಯ ಮೇಲೆ ಹೇಳಿದ್ದು ಕಡಿಮೆ. ಹೆಸರು, ಊರು ಹೇಳುವುದಿಲ್ಲ. ಆ ಹುಡುಗಿಯ ತಂಗಿ ಬದುಕಿದ್ದಾಳೆ, ಅವಳಿಗೆ ಮಕ್ಕಳಿದ್ದಾರೆ.

1991ರಲ್ಲಿ ಎರಡನೇ ಬಿ.ಎ. ಓದುತ್ತಿದ್ದ ಹುಡುಗಿ. ಅಕ್ಷರ ಮುತ್ತಿನ ಹಾಗೆ. ನನ್ನ ನೋಟ್ಸನ್ನು ನನಗಿಂತ ಚೆನ್ನಾಗಿ ಬರೆದಿಡುತ್ತಿದ್ದಳು. ವರ್ಷದ ನಡುವೆ ಮದುವೆಯಾಯಿತು. ಮಾತುಕತೆಯಲ್ಲಿ ಎಂಟು ತೊಲ ಬಂಗಾರ, ಒಂದು ಸ್ಕೂಟರ್. ಬಂಗಾರ ಹೇಗೋ ಕೂಡಿತು, ಸ್ಕೂಟರ್ ಬಾಕಿ ಉಳಿಯಿತು. ಪರೀಕ್ಷೆಯ ಪ್ರವೇಶಪತ್ರ ತೆಗೆದುಕೊಳ್ಳಲು ಕಾಲೇಜಿಗೆ ಬಂದಾಗ ಮುಂಗೈ ಮೇಲೆ ಸುಟ್ಟ ಕಲೆ ಇತ್ತು. ಏನಮ್ಮ ಇದು ಎಂದೆ. ಕಾರಿಡಾರಿನಲ್ಲಿ ಆ ಕಡೆ ಈ ಕಡೆ ನೋಡಿ, "ಸ್ಕೂಟರ್ ಬಾಕಿ ಇದೆಯಲ್ಲ ಮೇಡಂ, ಅದಕ್ಕೆ ಬಡ್ಡಿ" ಎಂದಳು. ನಕ್ಕಳು ಸಹ. ನಾನು ಮನೆಗೆ ಬಾ, ನಿಮ್ಮಪ್ಪನನ್ನು ಕರೆಸೋಣ, ಬೇಕಾದರೆ ನಮ್ಮ ಮನೆಯಲ್ಲೇ ಇದ್ದು ಪರೀಕ್ಷೆ ಬರಿ ಎಂದೆ. ಬರುತ್ತೇನೆ ಎಂದಳು. ಗಂಡ ಗೇಟಿನ ಹತ್ತಿರ ಕಾಯುತ್ತಿದ್ದ. ಪರೀಕ್ಷೆಯನ್ನೇನೋ ಬರೆದಳು, ದಿನವೂ ಅವನೇ ತಂದು ಬಿಟ್ಟು ಅವನೇ ಕರೆದುಕೊಂಡು ಹೋಗುತ್ತಿದ್ದ.

ನಾಲ್ಕು ತಿಂಗಳಾದ ಮೇಲೆ ಜಿಲ್ಲಾಸ್ಪತ್ರೆಯಲ್ಲಿದ್ದಾಳೆ ಎಂದು ಗೊತ್ತಾಯಿತು. ಸ್ಟೋವ್ ಸಿಡಿಯಿತಂತೆ. ಆ ಕಾಲದಲ್ಲಿ ನಮ್ಮ ರಾಜ್ಯದಲ್ಲಿ ಸಿಡಿದ ಸ್ಟೋವುಗಳ ಲೆಕ್ಕ ಇಡಬೇಕಿತ್ತು. ಬೆಂಗಳೂರಿನಲ್ಲಿ ವಿಮೋಚನಾದ ಗೆಳತಿಯರು ಅದೇ ಕೆಲಸ ಮಾಡಿದರು. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, 'ಆಕಸ್ಮಿಕ' ಎಂದು ಕಡತ ಮುಚ್ಚಿದ ಸಾವುಗಳನ್ನು ಒಂದೊಂದಾಗಿ ತೆಗೆದು ಕೇಳಿದರು. ಈ ಸ್ಟೋವುಗಳು ಸೊಸೆ ಹತ್ತಿರ ನಿಂತಾಗಲೇ ಯಾಕೆ ಸಿಡಿಯುತ್ತವೆ, ಅತ್ತೆ ಕಾಫಿ ಕಾಯಿಸುವಾಗ ಯಾಕೆ ಸಿಡಿಯುವುದಿಲ್ಲ? ಆ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ. ಈಗ ಸ್ಟೋವ್ ಹೋಗಿ ಗ್ಯಾಸ್ ಬಂದಿದೆ. 2022ನೇ ಒಂದೇ ವರ್ಷದಲ್ಲಿ ದೇಶದಲ್ಲಿ 6,400ಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ಪೊಲೀಸ್ ಲೆಕ್ಕಕ್ಕೆ ಸಿಕ್ಕಿವೆ. ಲೆಕ್ಕಕ್ಕೆ ಸಿಕ್ಕಿದವು ಇಷ್ಟು.

ನಾನು ಹೋದಾಗ ಅವಳ ಮೇಲೆ ಕಮಾನಿಟ್ಟು ಸೊಳ್ಳೆಪರದೆ ಹೊದಿಸಿದ್ದರು. ಮಂಚದ ಕಾಲಬದಿಯಲ್ಲಿ ಅತ್ತೆ ನಿಂತಿದ್ದರು, ಒಂದು ನಿಮಿಷವೂ ಕದಲಲಿಲ್ಲ. ತಹಶೀಲ್ದಾರರು ಬಂದು ಹೇಳಿಕೆ ತೆಗೆದುಕೊಂಡಾಗಿತ್ತು. ಹಾಲು ಕಾಯಿಸುವಾಗ ಸ್ಟೋವ್ ಸಿಡಿಯಿತು, ಯಾರ ಮೇಲೂ ಅನುಮಾನವಿಲ್ಲ. ಹುಡುಗಿಗೆ ಪ್ರಜ್ಞೆ ಇತ್ತು. ನನ್ನನ್ನು ಗುರುತಿಸಿದಳು. ಏನಾದರೂ ಹೇಳುತ್ತಾಳೆ ಎಂದು ಬಗ್ಗಿದೆ. "ರಿಸಲ್ಟ್ ಬಂತಾ ಮೇಡಂ?" ಎಂದಳು. ಬಂದಿತ್ತು, ಫಸ್ಟ್ ಕ್ಲಾಸ್. ಹೇಳಿದೆ. ಮೂರನೇ ದಿನ ಹೋದಳು.

ನಾನು ಪೊಲೀಸ್ ಠಾಣೆಗೆ ಹೋಗಿ, ಕಾರಿಡಾರಿನಲ್ಲಿ ಅವಳು ಹೇಳಿದ ಮಾತು, ಮುಂಗೈ ಕಲೆ, ಎಲ್ಲವನ್ನೂ ಬರೆದುಕೊಟ್ಟೆ. ಇದು ನಿಮಗೆ ಗೊತ್ತಿರಲಿ: ಸತ್ತವಳು ಬದುಕಿದ್ದಾಗ ತನ್ನ ಸಾವಿಗೆ ದಾರಿಯಾದ ಸಂಗತಿಗಳ ಬಗ್ಗೆ ನಿಮಗೆ ಏನು ಹೇಳಿದ್ದಳೋ ಅದನ್ನು ಕೋರ್ಟು ಸಾಕ್ಷ್ಯವಾಗಿ ಕೇಳಬಹುದು. ಆಗಲೂ ಕೇಳುತ್ತಿತ್ತು, 2024ರ ಜುಲೈಯಿಂದ ಬಂದ ಹೊಸ ಕಾನೂನಿನಲ್ಲೂ ಕೇಳುತ್ತದೆ. ಆದ್ದರಿಂದ "ನಾವು ಕಣ್ಣಾರೆ ನೋಡಿಲ್ಲವಲ್ಲ" ಎಂದು ಸುಮ್ಮನಾಗಬೇಡಿ. ಅವಳು ನಿಮ್ಮ ಹತ್ತಿರ ಹೇಳಿಕೊಂಡಿದ್ದರೆ ನೀವು ಸಾಕ್ಷಿ.

ಆಮೇಲೆ ಶುರುವಾಯಿತು. ಕಾಲೇಜಿನಲ್ಲಿ "ನಮಗ್ಯಾಕ್ರೀ ಊರ ಉಸಾಬರಿ" ಎಂದರು. ಊರಿನ ಒಬ್ಬ ಮುಖಂಡರು ನಮ್ಮ ಮನೆಗೆ ಬಂದು ಕಾಫಿ ಕುಡಿದು, "ಹುಡುಗನ ಕಡೆಯವರು ನಮ್ಮವರು, ಹೋದವಳಂತೂ ಬರಲ್ಲ" ಎಂದು ಹೇಳಿಹೋದರು. ಬೆದರಿಕೆ ಎನ್ನುವ ಹಾಗೂ ಇಲ್ಲ, ಅಲ್ಲ ಎನ್ನುವ ಹಾಗೂ ಇಲ್ಲ. ನಾನು ಹೇಳಿಕೆ ಹಿಂತೆಗೆದುಕೊಳ್ಳಲಿಲ್ಲ. ಆದರೆ ನಿದ್ದೆ ಹೋಯಿತು. ಮೂರು ತಿಂಗಳು ರಾತ್ರಿ ಎರಡಕ್ಕೆ ಎಚ್ಚರ. ಮನೆಯಲ್ಲಿ ಸೀಮೆಎಣ್ಣೆ ಇರಲಿಲ್ಲ, ಆದರೂ ಅದರ ವಾಸನೆ. ಹಾಜರಿ ಕರೆಯುವಾಗ ಅವಳ ಕ್ರಮಸಂಖ್ಯೆ ಬಂದರೆ ನಾಲಿಗೆ ನಿಲ್ಲುತ್ತಿತ್ತು. ಸರಿಯಾದ್ದನ್ನೇ ಮಾಡಿದವರಿಗೆ ನೆಮ್ಮದಿಯ ನಿದ್ದೆ ಬರುತ್ತದೆ ಎಂದು ಕಥೆಗಳಲ್ಲಿ ಬರೆಯುತ್ತಾರೆ. ಹಾಗೇನಿಲ್ಲ. ಸಾಕ್ಷಿ ಹೇಳದೆ ಒಳಗೇ ಇಟ್ಟುಕೊಂಡವರು ಕಾಯಿಲೆ ಬೀಳುತ್ತಾರೆ ನಿಜ, ಸಾಕ್ಷಿ ಹೇಳಿದವರೂ ಬೀಳುತ್ತಾರೆ. ಒಬ್ಬಳೇ ಹೇಳಬೇಕಾಗಿ ಬಂದರಂತೂ ಖಂಡಿತ.

ನಮ್ಮ ಯಜಮಾನರು ಬೆಂಗಳೂರಿಗೆ, ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಹುಚ್ಚಾಸ್ಪತ್ರೆ ಎಂದು ಆಗ ಜನ ಕರೆಯುತ್ತಿದ್ದರು, ಈಗಲೂ ಕರೆಯುವವರಿದ್ದಾರೆ. ಡಾಕ್ಟರಮ್ಮ ಮುಕ್ಕಾಲು ಗಂಟೆ ಕೇಳಿಸಿಕೊಂಡರು. ಹನ್ನೊಂದು ತಿಂಗಳು ಮಾತ್ರೆ ತೆಗೆದುಕೊಂಡೆ. ಮೊದಲ ಎರಡು ವಾರ ಬಾಯಿ ಒಣಗಿತು, ಮಂಪರು ಇತ್ತು, ಏನೂ ಗುಣ ಕಾಣಲಿಲ್ಲ. ಆಮೇಲೆ ಒಂದು ದಿನ ಬೆಳಗ್ಗೆ ಆರಕ್ಕೆ ಎಚ್ಚರವಾದಾಗ ಹಿಂದಿನ ರಾತ್ರಿ ಒಂದೇ ಸಮ ಮಲಗಿದ್ದೆ ಎಂದು ಗೊತ್ತಾಯಿತು. ನಿಧಾನವಾಗಿ, ಡಾಕ್ಟರು ಹೇಳಿದ ಹಾಗೆ ಕಡಿಮೆ ಮಾಡುತ್ತಾ, ನಿಲ್ಲಿಸಿದೆ. ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ಮಾತ್ರೆ ನುಂಗುವವರು ಇಲ್ಲಿ ಎಷ್ಟು ಜನ ಇದ್ದೀರಿ? ನಾಚಿಕೆಯಿಲ್ಲದೆ ಕೈ ಎತ್ತಿದಿರಿ. ಇದನ್ನೂ ಹಾಗೇ ಹೇಳುವಂತಾಗಬೇಕು ಎಂದು ಎಲ್ಲರೆದುರು ಹೇಳಿದೆ.

1993ರಲ್ಲಿ ಮೊಕದ್ದಮೆ ವಿಚಾರಣೆಗೆ ಬಂತು. ಕಟಕಟೆಯಲ್ಲಿ ನಿಂತಿದ್ದೇನೆ. ಎದುರು ವಕೀಲರು ಮೊದಲ ಪ್ರಶ್ನೆಯನ್ನೇ ಹೀಗೆ ಕೇಳಿದರು: "ನೀವು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದೀರಿ, ಹೌದೋ ಅಲ್ಲವೋ?" ಯಾರು ಹೇಳಿದ್ದರೋ. ಸಣ್ಣ ಊರು. ಕೋರ್ಟಿನಲ್ಲಿ ನನ್ನ ಸಹೋದ್ಯೋಗಿಗಳಿದ್ದರು, ವಿದ್ಯಾರ್ಥಿಗಳಿದ್ದರು. ನಾನು ಹೌದು ಎಂದೆ. ಆ ಹುಡುಗಿಯನ್ನು ವಾರ್ಡಿನಲ್ಲಿ ನೋಡಿ ಬಂದ ಮೇಲೆ ಪಡೆದೆ, ಅವಳು ಕಾರಿಡಾರಿನಲ್ಲಿ ಹೇಳಿದ್ದು ಅದಕ್ಕಿಂತ ಮೊದಲು ಎಂದೆ. ನ್ಯಾಯಾಧೀಶರು ಬರೆದುಕೊಂಡರು.

ಆದರೂ ಆರೋಪಿಗಳು ಬಿಡುಗಡೆಯಾದರು. ಹುಡುಗಿಯ ಮರಣಪೂರ್ವ ಹೇಳಿಕೆ ಆಕಸ್ಮಿಕ ಎನ್ನುತ್ತಿತ್ತು. ಅವಳ ತಂದೆಯೇ ಕಟಕಟೆಯಲ್ಲಿ, ಅಳಿಯಂದಿರು ಏನನ್ನೂ ಕೇಳಿರಲಿಲ್ಲ ಎಂದುಬಿಟ್ಟರು. ಎರಡನೇ ಮಗಳಿಗೆ ಮದುವೆಯಾಗಬೇಕಿತ್ತು. ಹೊರಗೆ ಬೇವಿನ ಮರದ ಕೆಳಗೆ ನನ್ನನ್ನು ಕಂಡು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಅವರನ್ನು ದ್ವೇಷಿಸಲು ನನಗೆ ಆಗಲಿಲ್ಲ, ಕ್ಷಮಿಸಲೂ ಆಗಲಿಲ್ಲ. ಮೂವತ್ತೆರಡು ವರ್ಷವಾಯಿತು, ಆ ಲೆಕ್ಕ ಹಾಗೇ ಇದೆ.

ಆ ವಕೀಲರ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಹೆಂಗಸು ಮಾತಾಡಿದರೆ ಅವಳ ಮಾತನ್ನು ಸುಳ್ಳು ಮಾಡುವುದಕ್ಕಿಂತ ಅವಳನ್ನೇ ಹುಚ್ಚಿ ಮಾಡುವುದು ಸುಲಭ. ಹೊಡೆತ ತಿಂದು ತಿಂದು ಅವಳು ಒಂದು ದಿನ ಪಾತ್ರೆ ಎಸೆಯುತ್ತಾಳೆ, "ನೋಡಿದ್ರಾ, ತಲೆ ಕೆಟ್ಟಿದೆ" ಎನ್ನುತ್ತಾರೆ. ಒಂದು ಚೀಟಿ ತಂದು, ಅದನ್ನೇ ವಿಚ್ಛೇದನಕ್ಕೆ, ಮಗು ಕಿತ್ತುಕೊಳ್ಳುವುದಕ್ಕೆ ಬಳಸುತ್ತಾರೆ. 2017ರಲ್ಲಿ ಬಂದು 2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯ್ದೆ ಇಲ್ಲಿ ನಿಮ್ಮ ನೆರವಿಗಿದೆ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಅರ್ಥವಲ್ಲ, ಹಾಗೆ ಹೇಳಬೇಕಾದ್ದು ಕೋರ್ಟು ಎನ್ನುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುವುದು ನಿಮ್ಮ ಹಕ್ಕು ಎನ್ನುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡಬೇಕೇ ಹೊರತು ಶಿಕ್ಷೆಯಲ್ಲ ಎಂದೂ ಹೇಳುತ್ತದೆ. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ, ವಿಷ ಕುಡಿದವಳನ್ನು ಆಸ್ಪತ್ರೆಗೆ ಒಯ್ಯದೆ ಮನೆಯಲ್ಲಿ ಹುಣಸೆನೀರು ಕುಡಿಸುತ್ತಾ ಕೂತು ಜೀವ ಕಳೆದ ಉದಾಹರಣೆಗಳಿವೆ. ಒಂದು ನಿಮಿಷವೂ ಕಾಯಬೇಡಿ, ಎತ್ತಿಕೊಂಡು ಓಡಿ.

2021ರಲ್ಲಿ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಹೆಂಗಸರು ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 23 ಸಾವಿರಕ್ಕೂ ಹೆಚ್ಚು ಜನ ಸರ್ಕಾರಿ ಭಾಷೆಯಲ್ಲಿ 'ಗೃಹಿಣಿಯರು'. ರೈತರ ಆತ್ಮಹತ್ಯೆ ಎಂದರೆ ಸದನದಲ್ಲಿ ಚರ್ಚೆಯಾಗುತ್ತದೆ, ಆಗಲೇಬೇಕು. ಈ ಅರ್ಧ ಪಾಲಿನ ಬಗ್ಗೆ "ಹೊಟ್ಟೆನೋವು ತಾಳಲಾರದೆ" ಎಂದು ಪೇಪರಿನಲ್ಲಿ ಎರಡು ಸಾಲು ಬರುತ್ತದೆ. ನಾನು ರಾಜಕೀಯ ಎಂದದ್ದು ಇದನ್ನೇ ಅಧ್ಯಕ್ಷರೇ, ಬೇಜಾರು ಮಾಡಿಕೊಳ್ಳಬೇಡಿ.

ಸಹಾಯ ಎಲ್ಲಿದೆ ಎಂದು ಬೇಗ ಹೇಳಿಬಿಡುತ್ತೇನೆ. 14416 ಎಂಬ ನಂಬರ್ ಇದೆ, ಟೆಲಿ ಮಾನಸ್, 2022ರ ಅಕ್ಟೋಬರಿನಿಂದ. ದುಡ್ಡಿಲ್ಲ, ಹೊತ್ತಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೆಂಗಸರ ಸಹಾಯವಾಣಿ 181, ತುರ್ತಿಗೆ 112. ಹಳ್ಳಿಗಾಡಿಗೆ ಮನಸ್ಸಿನ ಚಿಕಿತ್ಸೆ ತಲುಪಿಸುವ ಕೆಲಸ ಇಡೀ ಜಿಲ್ಲೆಯ ಮಟ್ಟದಲ್ಲಿ ಮೊದಲು ನಡೆದದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1985ರ ಸುಮಾರಿನಲ್ಲಿ. ಅದನ್ನು ನೋಡಿ ದೇಶವೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮಾಡಿಕೊಂಡಿತು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಬರುವುದೇ ಇಲ್ಲ ಎಂದರೆ ಗ್ರಾಮಸಭೆಯಲ್ಲಿ ಕೇಳಿ. ಚರಂಡಿ ಕೇಳುತ್ತೀರಿ, ಇದನ್ನೂ ಕೇಳಿ.

ಇನ್ನು ಸಂಘದ ವಿಷಯ. ಇಲ್ಲಿ ನನ್ನ ಮಾತು ಸ್ವಲ್ಪ ಕಹಿ ಎನ್ನಿಸಬಹುದು, ತಡೆದುಕೊಳ್ಳಿ.

ಸಂಘ ಬಂದ ಮೇಲೆ ಹೆಂಗಸರು ಹೊಸಿಲು ದಾಟಿದರು ಎಂದು ನಾನೇ ನೂರು ವೇದಿಕೆಗಳಲ್ಲಿ ಹೇಳಿದ್ದೇನೆ. ನಿಜವೂ ಹೌದು. 1989ರಲ್ಲಿ ಮಹಿಳಾ ಸಮಾಖ್ಯಾ, 2000ದಲ್ಲಿ ಸ್ತ್ರೀಶಕ್ತಿ, ಇವುಗಳ ಸಭೆಯಲ್ಲಿ ಮೊದಲ ಸಲ ತನ್ನ ಹೆಸರು ಗಟ್ಟಿಯಾಗಿ ಹೇಳಿದ ಹೆಂಗಸರಿದ್ದಾರೆ. ಅದರ ಬೆನ್ನಿಗೆ ಮೈಕ್ರೋ ಫೈನಾನ್ಸ್ ಬಂತು. ಹತ್ತು ಜನರ ಗುಂಪು, ವಾರದ ಕಂತು, ಒಬ್ಬಳು ಕಟ್ಟದಿದ್ದರೆ ಉಳಿದವರ ಹೊಣೆ. ಒಂದರ ಕಂತಿಗೆ ಇನ್ನೊಂದರಲ್ಲಿ ಸಾಲ. 2010ರಲ್ಲಿ ಆಂಧ್ರದಲ್ಲಿ ಆತ್ಮಹತ್ಯೆಗಳಾಗಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ನಮ್ಮಲ್ಲೂ ಅದೇ ದುಃಖ ಕಂಡು 2025ರ ಫೆಬ್ರವರಿಯಲ್ಲಿ ತರಬೇಕಾಯಿತು. ಬೆದರಿಸಿ, ಹಿಂಸಿಸಿ, ಮನೆ ಮುಂದೆ ಕೂತು ವಸೂಲಿ ಮಾಡುವುದು ಈಗ ಅಪರಾಧ, ಹತ್ತು ವರ್ಷದವರೆಗೆ ಜೈಲು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಸಾಲದ ಕಂತಿಗೆ ಹೋಗುವ ಹಾಗೆ ಸಾಲ ಕೊಡಬಾರದು, ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಬರಬಾರದು.

ಕಾನೂನು ಏಜೆಂಟನನ್ನು ತಡೆಯಬಹುದು. ಆದರೆ ಆ ಬಾಗಿಲಲ್ಲಿ ಕೂರುವವರು ಯಾರು? ಬಹಳ ಸಲ ಏಜೆಂಟ್ ಬೈಕ್ ಮೇಲೆ ದೂರ ನಿಂತಿರುತ್ತಾನೆ. ಬಾಗಿಲಲ್ಲಿ ಕೂರುವವರು ನಾವೇ. ಅವಳ ಕುಕ್ಕರ್ ಎತ್ತಿಕೊಂಡು ಬಂದವರು, ಮಕ್ಕಳೆದುರು "ತಿನ್ನೋಕೆ ದುಡ್ಡಿದೆ, ಕಟ್ಟೋಕಿಲ್ವಾ" ಎಂದವರು. ನಮ್ಮ ತಲೆಯ ಮೇಲೂ ಕಂತು ತೂಗುತ್ತಿರುತ್ತದೆ, ಅದು ನನಗೆ ಗೊತ್ತು. ಆದರೆ ಒಂದು ಕೇಳಿ ನೋಡಿ: ಅವಳು ಕಟ್ಟದ ವಾರ ಅವಳ ಮನೆಯಲ್ಲಿ ಏನು ನಡೆದಿತ್ತು? ದುಡ್ಡು ಅವನು ಕಿತ್ತುಕೊಂಡು ಹೋಗಿದ್ದನೋ? ಗೃಹಲಕ್ಷ್ಮಿಯ ಎರಡು ಸಾವಿರಕ್ಕೆ ಎಷ್ಟು ಮನೆಗಳಲ್ಲಿ ಕೈ ತಿರುಚುತ್ತಾರೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಂಘದ ನಡವಳಿ ಪುಸ್ತಕದಲ್ಲಿ 'ಕಂತು ಬಾಕಿ' ಎಂದು ಬರೆಯಲು ಕಾಲಂ ಇದೆ. 'ಕಣ್ಣು ಊದಿತ್ತು' ಎಂದು ಬರೆಯಲು ಕಾಲಂ ಇಲ್ಲ. ಮೂರು ವಾರ ಒಬ್ಬಳು ಸಭೆಗೆ ಬರದಿದ್ದರೆ ದಂಡ ಹಾಕುವ ಮೊದಲು ಇಬ್ಬರು ಹೋಗಿ ಅವಳ ಜೊತೆ ಸುಮ್ಮನೆ ಕೂತು ಬನ್ನಿ. ಸಾಲದ ಮಾತು ಎತ್ತದೆ. ಅವಳು ಏನೂ ಹೇಳದಿದ್ದರೂ ಪರವಾಗಿಲ್ಲ.

ಪಂಚಾಯಿತಿಗಳಲ್ಲಿ ನಮ್ಮ ರಾಜ್ಯ 1987ರ ಚುನಾವಣೆಯಲ್ಲೇ ಹೆಂಗಸರಿಗೆ ನಾಲ್ಕನೇ ಒಂದು ಭಾಗ ಸ್ಥಾನ ಇಟ್ಟಿತ್ತು, 2010ರಿಂದ ಅರ್ಧ. ಇಲ್ಲಿರುವ ಸದಸ್ಯೆಯರು ಎಷ್ಟು ಜನ? ಏಳು. ಕೇಸು ಕೊಡಲು ಹೊರಟ ಹೆಂಗಸಿಗೆ, "ಅವನು ನಮ್ಮ ಪಾರ್ಟಿ ಹುಡುಗ, ನಮ್ಮ ಜಾತಿಯವನು, ಎಲೆಕ್ಷನ್ ಹತ್ತಿರ ಇದೆ" ಎಂದು ಬರುವ ಮುಖಂಡರು ನನ್ನ ಮನೆಗೆ ಬಂದ ಹಾಗೆ ನಿಮ್ಮ ಮನೆಗೂ ಬರುತ್ತಾರೆ. ಕಾಫಿ ಕೊಡಿ, ತೊಂದರೆಯಿಲ್ಲ. ಈಗ ಮೊಬೈಲಿನಲ್ಲಿ ಬೆಳಗಾದರೆ ಪಕ್ಕದ ಕೇರಿಯವರನ್ನು ದ್ವೇಷಿಸು ಎನ್ನುವ ಸುದ್ದಿಗಳು ಬರುತ್ತವೆ. "ನಮ್ಮ ಹೆಣ್ಣುಮಕ್ಕಳ ಮಾನ" ಎಂದು ಕೂಗುವ ಗಂಡಸರು ಎಲ್ಲ ಕಡೆಯೂ ಇದ್ದಾರೆ. ಅಂಥವರನ್ನು ಕಂಡಾಗ ನನಗೆ ಒಂದೇ ಕೇಳಬೇಕೆನಿಸುತ್ತದೆ, ನಿನ್ನ ಮನೆಯ ಹೆಣ್ಣುಮಗಳು ನಿನ್ನೆ ರಾತ್ರಿ ನಿದ್ದೆ ಮಾಡಿದಳಾ?

ನೀವು ಬರೆದುಕೊಟ್ಟ ಚೀಟಿಗಳು ಇಲ್ಲಿವೆ. ಸಮಯ ಆಗುತ್ತಾ ಬಂತು. ಒಂದೆರಡಕ್ಕೆ ಹೇಳುತ್ತೇನೆ.

"ಕುಡುಕ ಗಂಡನಿಗೂ ಮನಸ್ಸಿನ ಡಾಕ್ಟರ್ ಹತ್ತಿರ ಔಷಧಿ ಇದೆಯಾ?" ಇದೆ. ಕುಡಿತ ಬಿಡಿಸುವ ಚಿಕಿತ್ಸೆ ಅವರದೇ ಕೆಲಸ. ಆದರೆ ಗೊತ್ತಿಲ್ಲದ ಹಾಗೆ ಸಾರಿನಲ್ಲಿ ಬೆರೆಸಿ ಕೊಡುವ ಪುಡಿ ಎಂದು ಸಂತೆಯಲ್ಲಿ ಮಾರುತ್ತಾರಲ್ಲ, ಅದನ್ನು ಕೊಡಬೇಡಿ, ಜೀವಕ್ಕೆ ಅಪಾಯ. ಇನ್ನೊಂದು, ಕುಡಿತಕ್ಕೆ ಔಷಧಿ ಇದೆ ಎಂದರೆ ಹೊಡೆತಕ್ಕೆ ಮಾಫಿ ಇದೆ ಎಂದಲ್ಲ. ಕುಡಿಯದವರೂ ಹೊಡೆಯುತ್ತಾರೆ.

ಈ ಚೀಟಿಯಲ್ಲಿ ಹೆಸರಿಲ್ಲ. "ಆಸ್ಪತ್ರೆಯಲ್ಲಿ ಪೊಲೀಸರಿಗೆ ಜಾರಿ ಬಿದ್ದೆ ಅಂತ ಹೇಳಿದೀನಿ. ಈಗ ಬೇರೆ ಹೇಳಿದರೆ ನನ್ನನ್ನೇ ಹಿಡೀತಾರಾ?" ಇಲ್ಲಮ್ಮ. ಹೆದರಿಕೆಯಿಂದ ಮೊದಲು ಹಾಗೆ ಹೇಳಿದೆ, ಯಾಕೆ ಹೆದರಿದ್ದೆ ಎನ್ನುವುದನ್ನೂ ಸೇರಿಸಿ ಹೊಸದಾಗಿ ದೂರು ಬರೆದುಕೊಡಬಹುದು. ಠಾಣೆಗೆ ಹೋಗಲು ಧೈರ್ಯವಿಲ್ಲದಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ನಿಮ್ಮ ತಾಲ್ಲೂಕಿನ ಸಿ.ಡಿ.ಪಿ.ಓ. ಅವರೇ ಸಂರಕ್ಷಣಾಧಿಕಾರಿ, ಅಂಗನವಾಡಿ ಮೇಡಂ ದಾರಿ ತೋರಿಸುತ್ತಾರೆ. ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರವಿದೆ. ವಕೀಲರಿಗೆ ದುಡ್ಡು ಕೊಡಬೇಕಿಲ್ಲ, ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ, ಹೆಂಗಸರಿಗೆ ಉಚಿತ. ಆಸ್ಪತ್ರೆಯ ಚೀಟಿ ಬಿಸಾಡಬೇಡಿ, ಅಕ್ಕಿ ಡಬ್ಬಿಯಲ್ಲಾದರೂ ಇಟ್ಟುಕೊಳ್ಳಿ, ಇಲ್ಲ ಸಂಘದ ಯಾರಾದರೊಬ್ಬರ ಕೈಗೆ ಕೊಟ್ಟಿಡಿ.

ನನ್ನ ಬಸ್ಸು ನಾಲ್ಕೂವರೆಗೆ. ಅಲ್ಲಿಯ ತನಕ ಹಿಂದಿನ ಕೋಣೆಯಲ್ಲಿ, ಅಡುಗೆಯವರು ಕೂತಿದ್ದಾರಲ್ಲ, ಅಲ್ಲಿರುತ್ತೇನೆ. ಈ ಚೀಟಿ ಬರೆದವರು ಬರಬಹುದು. ಒಬ್ಬರೇ ಬಂದರೆ ಯಾರಾದರೂ ಗಮನಿಸುತ್ತಾರೆ ಎನಿಸಿದರೆ ನಾಲ್ಕೈದು ಜನ ಒಟ್ಟಿಗೆ ಬನ್ನಿ, ಉಳಿದವರು ಲೋಟ ತೊಳೆಯುತ್ತಿರಲಿ.